ಗಾಳಿ ತೊಳೆಯುತ್ತಿದ್ದ ಮೇಡಂ

ಮೇಡಂ ಹೋದ ಸುದ್ದಿ ನನಗೆ ತಲುಪಿದ್ದು ನ್ಯಾಮತಿಯ ಬಸ್ ನಿಲ್ದಾಣದಲ್ಲಿ, ನಿಂತು ಹುರಿದ ಶೇಂಗಾ ತಿನ್ನುತ್ತಿದ್ದಾಗ. ಚನ್ನಗಿರಿಯ ನಮ್ಮ ಹಳೆಯ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಫೋಟೊ ಹಾಕಿದ್ದರು; ಅದರ ಕೆಳಗೆ ಉಳಿದವರೆಲ್ಲ ಕೈಮುಗಿದ ಚಿತ್ರ ಒತ್ತಿ ಕರ್ತವ್ಯ ಮುಗಿಸಿದ್ದರು. ಫೋಟೊ ಯಾವುದೋ ಬೀಳ್ಕೊಡುಗೆ ಸಮಾರಂಭದ್ದು. ಸಾಲಿನಲ್ಲಿ ನಿಂತವರೆಲ್ಲ ಕ್ಯಾಮೆರಾ ನೋಡುತ್ತಿದ್ದರೆ ಮೇಡಂ ಒಬ್ಬರೇ ತಲೆಯೆತ್ತಿ ಛಾವಣಿ ನೋಡುತ್ತಿದ್ದಾರೆ. ಮೊದಲು ನಗು ಬಂತು. ಸತ್ತಮೇಲೂ ಈಕೆಗೆ ಗಾಳಿಯದೇ ಚಿಂತೆ ಅಂದುಕೊಂಡೆ. ಆಮೇಲೆ ಉಳಿದ ಶೇಂಗಾವನ್ನು ಪೊಟ್ಟಣದ ಸಮೇತ ಜೇಬಿಗೆ ಹಾಕಿಕೊಂಡೆ.

ಯಾವ ಕಟ್ಟಡದೊಳಗೆ ಕಾಲಿಟ್ಟರೂ ಅವರು ಮೊದಲು ಮನುಷ್ಯರನ್ನು ನೋಡುತ್ತಿರಲಿಲ್ಲ, ಮೇಲೆ ನೋಡುತ್ತಿದ್ದರು. ಮದುವೆಗೆ ಹೋದರೆ ಅಕ್ಷತೆ ಹಾಕುವುದಕ್ಕೂ ಮುಂಚೆ ಕಲ್ಯಾಣಮಂಟಪದ ಛಾವಣಿಯಲ್ಲಿ ತಂಪುಗಾಳಿ ಬರುವ ಜಾಲರಿ ಎಲ್ಲಿದೆ ಎಂದು ಹುಡುಕಿ, ಅದರ ಕೆಳಗೆ ನಿಂತು ಅಂಗೈ ಎತ್ತಿ ಹಿಡಿಯುತ್ತಿದ್ದರು. ನೋಡಿದವರು ಈಕೆ ಯಾರಿಗೋ ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಳ್ಳಬೇಕು, ಹಾಗೆ. ಒಮ್ಮೆ ಇಬ್ಬರೂ ಬ್ಯಾಂಕಿಗೆ ಹೋಗಿದ್ದೆವು. ಮ್ಯಾನೇಜರು ಕುರ್ಚಿ ತೋರಿಸಿದರೂ ಇವರು ಕೂರಲಿಲ್ಲ. "ತಣ್ಣನ ಗಾಳಿ ಅಲ್ಲಿಂದ ಬರ್ತೈತೆ, ಸರಿ. ವಾಪಸ್ ಹೋಗಾಕೆ ದಾರಿ ಎಲ್ಲೈತ್ರಿ? ಹೋಗಾಕೆ ದಾರಿ ಇಲ್ದಿದ್ರೆ ಹೊಸದು ಹೆಂಗೆ ಬರಬೇಕು?" ಎಂದು ಕೇಳಿದರು. ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಕಾಲೇಜಿನಲ್ಲಿ ಅವರು ರಾಜ್ಯಶಾಸ್ತ್ರ ಹೇಳುತ್ತಿದ್ದರು, ನಾನು ಕನ್ನಡ. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿ. ಅವರು ಜಗಳೂರಿನವರು, ಅಲ್ಲಿಯ ಕಾಲೇಜಿನಿಂದಲೇ ಹಟ ಹಿಡಿದು ಚನ್ನಗಿರಿಗೆ ವರ್ಗ ಮಾಡಿಸಿಕೊಂಡು ಬಂದಿದ್ದರು. ಹುಟ್ಟಿದ ಊರಿನಲ್ಲಿಯೇ ಕೆಲಸವಿದ್ದ, ಮದುವೆಯಾಗದ ಹೆಂಗಸು ಅದನ್ನು ಬಿಟ್ಟು ಇಲ್ಲಿಗೇಕೆ ಬಂದರು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತುರಿಕೆ. ಯಾರೋ ಒಬ್ಬರ ಹೆಸರು ಸೇರಿಸಿ ಕತೆಯನ್ನೂ ಕಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. "ಹೌದು ಸರ್, ಸೂಳೆಕೆರೆಗೋಸ್ಕರ ಓಡಿ ಬಂದೆ. ಅಲ್ಲಿಂದ ಸಂಜಿಗೆ ಬರೋ ಗಾಳಿ ಮ್ಯಾಲೆ ನನಗೆ ಮನಸ್ಸಾಗೈತೆ" ಎಂದು ನನ್ನೆದುರು ನಕ್ಕಿದ್ದರು. ತಮಾಷೆ ಎಂದುಕೊಂಡೆ. ಅದೇ ನಿಜವಾದ ಕಾರಣ ಎಂದು ತಿಳಿದದ್ದು ಅವರ ತಮ್ಮನನ್ನು ನೋಡಿದ ಮೇಲೆ.

ತಮ್ಮನಿಗೆ ಬೆವರು ಬರುತ್ತಿರಲಿಲ್ಲ. ಹುಟ್ಟುವಾಗಲೇ ಬೆವರಿನ ಗ್ರಂಥಿಗಳಿಲ್ಲದ ಮೈ. ತಲೆಯ ಮೇಲೆ ಕೂದಲೂ ಇಲ್ಲ ಎನ್ನಬೇಕು. ಅಲ್ಲೊಂದು ಇಲ್ಲೊಂದು ರೇಷ್ಮೆ ಎಳೆಯಂಥದು. ಬಾಯಲ್ಲಿ ನಾಲ್ಕಾರು ಚೂಪು ಹಲ್ಲು. ಉಳಿದಂತೆ ಬಲು ಚುರುಕು, ಬಾಯಿ ಇನ್ನೂ ಚುರುಕು. ಮನೆಯಲ್ಲಿಯೇ ಕಂಪ್ಯೂಟರ್ ಇಟ್ಟುಕೊಂಡು ಪ್ರೆಸ್ಸುಗಳಿಗೆ ಲಗ್ನಪತ್ರಿಕೆ ಜೋಡಿಸಿಕೊಡುತ್ತಿದ್ದ. "ಚನ್ನಗಿರಿ ತಾಲೂಕಿನ್ಯಾಗೆ ಯಾರ್ಯಾರ ಮದ್ವೆ ಐತೋ ನನಗೆ ಮೊದ್ಲು ಗೊತ್ತಾಗ್ತೈತೆ ಸರ್, ಊಟಕ್ಕೆ ಮಾತ್ರ ಒಂದಕ್ಕೂ ಹೋಗಾಕಾಗಲ್ಲ" ಎನ್ನುತ್ತಿದ್ದ. ಬಿಸಿಲಿನಲ್ಲಿ ನಮಗೆ ಅಂಗಿ ಒದ್ದೆಯಾಗುವ ಹೊತ್ತಿಗೆ ಅವನಿಗೆ ಮೈ ಕಾದು ಕೆಂಡವಾಗುತ್ತಿತ್ತು, ಮಾತು ತೊದಲುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಜೀವಕ್ಕೇ ಸಂಚಕಾರ.

ಜಗಳೂರಿನ ಬೇಸಿಗೆಯಲ್ಲಿ ಅಂಥ ಮಗುವನ್ನು ಸಾಕಿದ್ದು ಹೇಗೆ ಎಂದು ಅವರ ಅವ್ವ ಒಮ್ಮೆ ನನಗೆ ಹೇಳಿದ್ದರು. ಗಂಡ ಬೇಗ ತೀರಿಕೊಂಡಿದ್ದರು. ಶಾಲೆಯವರು ಹುಡುಗನನ್ನು ಇಟ್ಟುಕೊಳ್ಳಲು ಹೆದರಿದರು. ಅವ್ವ ತಮ್ಮದೊಂದು ಹತ್ತಿ ಸೀರೆಯನ್ನು ನೀರಿಗೆ ಅದ್ದಿ ಅವನಿಗೆ ಸುತ್ತುತ್ತಿದ್ದರು. ಅದು ಒಣಗುವಷ್ಟರಲ್ಲಿ ಅಕ್ಕ ಇನ್ನೊಂದು ಅದ್ದಿ ತರಬೇಕು. ನೀರಿಗೂ ಬರ ಇದ್ದ ಊರು. "ನಾನು ನನ್ನ ಮಗಳು ಇಬ್ರೂ ಸೇರಿ ಅವಂಗೆ ಬೆವರಾದ್ವಿ ನೋಡಪ್ಪಾ" ಎಂದಿದ್ದರು ಆ ಮುದುಕಿ. ಹೇಳಿ, ಹೊಗೆಸೊಪ್ಪಿನ ಕಡ್ಡಿಪುಡಿ ಬಾಯಿಗೆ ಹಾಕಿಕೊಂಡಿದ್ದರು.

ಚನ್ನಗಿರಿಗೆ ಬಂದಮೇಲೆ ಮೊದಲು ಒಂದು ಕೋಣೆಗೆ ಎಸಿ ಹಾಕಿಸಿದರು. ಬೇಸಿಗೆಯೆಲ್ಲ ಆ ಕೋಣೆಯೊಳಗೇ ತಮ್ಮನ ವಾಸ. ಬಚ್ಚಲಿಗೆ ಹೋಗಬೇಕಾದರೂ ಓಡಿಹೋಗಿ ಓಡಿಬರಬೇಕು. ಅಕ್ಕ, ಅವ್ವ ಅಡುಗೆಮನೆಯಲ್ಲಿ ನಗುತ್ತಿದ್ದರೆ ಅವನು ಗೋಡೆಯಾಚೆಯಿಂದ "ಏನಂತೆ? ಏನಂತೆ?" ಎಂದು ಕೂಗುತ್ತಿದ್ದನಂತೆ. ಒಂದು ದಿನ ಅವನು ಅಕ್ಕನನ್ನು ಕೇಳಿದ: "ಜೈಲಿನ್ಯಾಗೆ ಇರೋರಿಗೆ ಸಂಜೆ ಒಂದು ರೌಂಡು ಬಿಡ್ತಾರಂತೆ, ಹೌದಾ ಅಕ್ಕ?" ಆವತ್ತೇ ಮೇಡಂ ಮನೆಗೆಲ್ಲ ಒಂದೇ ಯಂತ್ರ ಕೂರಿಸುವ ತೀರ್ಮಾನ ಮಾಡಿದರು. ತಮಗೆಂದು ಬಂಗಾರ ಮಾಡಿಸಲಿಲ್ಲ, ಪ್ರವಾಸ ಎನ್ನಲಿಲ್ಲ, ಹೊಸ ಸೀರೆ ಉಟ್ಟದ್ದನ್ನು ನಾನು ಕಂಡದ್ದು ಕಡಿಮೆ.

ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಇರುವಂಥ ಏರ್ಪಾಟು ನಮ್ಮ ಬೀದಿಯ ಒಂದು ಮಾಳಿಗೆ ಮನೆಗೆ ಬಂತು. ಬಿಸಿ ಹೊರಹಾಕುವ ದೊಡ್ಡ ಪೆಟ್ಟಿಗೆ ತಾರಸಿಯ ಮೇಲೆ. ತಣ್ಣಗೆ ಮಾಡಿ ಗಾಳಿ ನೂಕುವ ಯಂತ್ರ ಒಳಗೆ, ಅವ್ವನ ಕೋಣೆಯ ಛಾವಣಿಯ ಕೆಳಗೆ ಹೊಡೆಸಿದ ಫಾಲ್ಸ್ ಸೀಲಿಂಗಿನೊಳಗೆ. ಅಲ್ಲಿಂದ ತಗಡಿನ ಕೊಳವೆಗಳು ಹೊರಟು, ಅಡುಗೆಮನೆ ಬಚ್ಚಲು ಸೇರಿದಂತೆ ಪ್ರತಿ ಕೋಣೆಯ ನೆತ್ತಿಯಲ್ಲೂ ಒಂದೊಂದು ಜಾಲರಿಯಾಗಿ ತೆರೆದುಕೊಂಡಿದ್ದವು. ಹಂಚಿಕೆಯಾದ ಗಾಳಿ ಬಾಗಿಲುಗಳ ಕೆಳಗಿನ ಸಂದಿಗಳಲ್ಲಿ ನುಸುಳಿ ತಿರುಗಿ ಅವ್ವನ ಕೋಣೆಗೇ ಬಂದು, ಅಲ್ಲಿದ್ದ ದೊಡ್ಡ ಜಾಲರಿಯ ಮೂಲಕ ಯಂತ್ರದ ಬಾಯಿ ಸೇರಬೇಕು. ಆ ಬಾಯಿಗೆ ದೂಳು ಹೋಗದಂತೆ ಒಂದು ಫಿಲ್ಟರು. ಯಂತ್ರದ ಗುಂಯ್ ಸದ್ದು ಯಾರ ತಲೆಯ ಮೇಲಿರಬೇಕು ಎಂಬ ಪ್ರಶ್ನೆ ಬಂದಾಗ ಅವ್ವ, "ನನ್ನ ಕ್ವಾಣ್ಯಾಗೆ ಇಡ್ರಿ, ಸದ್ದಿದ್ರೆ ನನಗೆ ನಿದ್ದಿ ಬರ್ತೈತೆ" ಎಂದಿದ್ದರು.

ಬೀದಿಯವರು ಆ ಮನೆಗೆ ಫ್ರಿಜ್ಜು ಎಂದು ಹೆಸರಿಟ್ಟರು. ನಾನೂ ಹಾಗೇ ಕರೆಯುತ್ತಿದ್ದೆ. ಅದರ ಅನುಕೂಲಗಳನ್ನು ಮೇಡಂ ಬಂದವರಿಗೆಲ್ಲ ಬಿಡದೆ ವಿವರಿಸುತ್ತಿದ್ದರು, ತರಗತಿಯಲ್ಲಿ ಸಂವಿಧಾನ ಹೇಳುವಾಗಿನ ಅದೇ ದನಿಯಲ್ಲಿ. ಕೋಣೆಗೊಂದು ಪೆಟ್ಟಿಗೆ ಗೋಡೆಗೆ ನೇತುಹಾಕಬೇಕಿಲ್ಲ. ಒಂದು ಕಡೆ ಹಿಮ, ಇನ್ನೊಂದು ಕಡೆ ಬೆಂಕಿ ಅನ್ನುವಂತಿಲ್ಲ. ಬೀದಿಯ ದೂಳು ಒಳಗೆ ಸುಳಿಯುವುದಿಲ್ಲ. ಇಷ್ಟೆಲ್ಲ ಹೇಳಿ ಕೊನೆಗೆ ದನಿ ಇಳಿಸಿ, "ಮತ್ತೆ ಸರ್, ನಮ್ಮ ತಮ್ಮ ಈಗ ಅಡಿಗೆಮನೆ ಕಟ್ಟಿ ಮ್ಯಾಲೆ ಕುಂತು ನನ್ನ ಸಾರಿಗೆ ಹೆಸರಿಡ್ತಾನೆ" ಎನ್ನುತ್ತಿದ್ದರು. ಎಲ್ಲ ಅನುಕೂಲಗಳೂ ಆ ಒಂದು ಮಾತಿಗೆ ಪೀಠಿಕೆ ಎಂದು ಗೊತ್ತಾಗುತ್ತಿತ್ತು.

ಅನುಕೂಲಕ್ಕೆ ತಕ್ಕ ಚಾಕರಿಯೂ ಇತ್ತು. ಯಂತ್ರ ಬೆವರಿದ ನೀರು ಹೋಗುವ ಪೈಪು ಕಟ್ಟಿಕೊಂಡರೆ ಛಾವಣಿ ಸೋರುತ್ತದೆ. ಅದನ್ನು ಆಗಾಗ ಊದಿ ಬಿಡಿಸಬೇಕು. ಆ ನೀರಿನಲ್ಲಿ ಮೇಡಂ ಕರಿಬೇವು ಬೆಳೆಸಿದ್ದರು. ತಾರಸಿಯ ಪೆಟ್ಟಿಗೆಗೆ ಮೆತ್ತಿದ ದೂಳನ್ನು ಹಿತವಾಗಿ ನೀರು ಬಿಟ್ಟು ಕಳೆಯಬೇಕು. ಕರೆಂಟು ಹೋದರೆ ಜನರೇಟರ್ ಓಡಿಸಬೇಕು, ಪಕ್ಕದವರ ಬೈಗುಳ ಕೇಳಬೇಕು. ಎಲ್ಲಕ್ಕಿಂತ ದೊಡ್ಡದು ಫಿಲ್ಟರು. ಹದಿನೈದು ದಿನಕ್ಕೊಮ್ಮೆ ಭಾನುವಾರ ಅದನ್ನು ಬಿಚ್ಚಿ, ಹಿತ್ತಿಲಿನ ನಲ್ಲಿಯ ಕೆಳಗೆ ಸೀಗೆಪುಡಿ ಹಾಕಿ ಮೆತ್ತಗೆ ಉಜ್ಜಿ, ನೆರಳಿಗೆ ನಿಲ್ಲಿಸುತ್ತಿದ್ದರು. ಫಿಲ್ಟರಿಗೆ ಸೀಗೆಪುಡಿ ಹಾಕಿದವರು ಈ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ಬೀದಿಯ ಮಕ್ಕಳು "ಗಾಳಿ ತೊಳೆಯೋ ಮೇಡಂ" ಎನ್ನುತ್ತಿದ್ದರು. ಹೊನ್ನಾಳಿಯಿಂದ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್ ಭಾಯಿ, ಬಾಯಿ ತುಂಬ ಮಾತಿನ ಮನುಷ್ಯ, "ಮೇಡಂ, ನೀವು ಹಿಂಗೆ ನೋಡ್ಕೊಂಡ್ರೆ ನಮ್ ಹೊಟ್ಟೆಪಾಡು ಹೆಂಗ್ರೀ?" ಎಂದು ಚಹಾ ಕುಡಿದು ಹೋಗುತ್ತಿದ್ದ.

ಆ ಮನೆಯಲ್ಲಿ ಒಂದು ವಿಚಿತ್ರವಿತ್ತು. ತಗಡಿನ ಕೊಳವೆಗಳು ಗಾಳಿಯನ್ನಷ್ಟೇ ಹೊರುತ್ತಿರಲಿಲ್ಲ. ಅವ್ವ ತಮ್ಮ ಕೋಣೆಯಲ್ಲಿ ಕೆಮ್ಮಿದರೆ ಆ ಕೆಮ್ಮು ಅಡುಗೆಮನೆಯ ನೆತ್ತಿಯಲ್ಲಿ ಕೇಳುತ್ತಿತ್ತು. ಅವರು ಎದೆಗೆ ಸವರಿಕೊಂಡ ನೀಲಗಿರಿ ಎಣ್ಣೆ, ಕಡ್ಡಿಪುಡಿಯ ಘಾಟು, ಗುರುವಾರ ಹಾಕುತ್ತಿದ್ದ ಲೋಬಾನದ ಹೊಗೆ ಎಲ್ಲ ಮನೆಗೆಲ್ಲ ಸಮನಾಗಿ ಹಂಚಿಹೋಗುತ್ತಿದ್ದವು. ಮುದುಕಿ ಮಂಚ ಬಿಟ್ಟು ಏಳದೆ, ಮೇಲೆ ಜಾಲರಿಯ ಕಡೆ ಮುಖ ಮಾಡಿ, "ತಮ್ಮಾ, ಉಂಡ್ಯಾ?" ಎನ್ನುತ್ತಿದ್ದರು. ನಡುಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತ ಮಗ ತಲೆಯೆತ್ತಿ, "ಉಂಡೆನವ್ವಾ" ಎಂದು ತನ್ನ ಮೇಲಿನ ಜಾಲರಿಗೆ ಹೇಳುತ್ತಿದ್ದ. ಹೊರಗಿನಿಂದ ಬಂದವರಿಗೆ ಇದು ಹುಚ್ಚರ ಮನೆ ಅನ್ನಿಸಬೇಕು. ನನಗೆ ಅಭ್ಯಾಸವಾಗಿತ್ತು.

ಒಂದು ಮಾಘದಲ್ಲಿ ಅವ್ವ ಅದೇ ಕೋಣೆಯಲ್ಲಿ, ಅದೇ ಜಾಲರಿಯ ಕೆಳಗೆ ತೀರಿಕೊಂಡರು. ನ್ಯಾಮತಿಯಿಂದ ಸೋದರಮಾವ ಬಂದರು. ಅವರ ಜೊತೆ ಶಾಸ್ತ್ರ ಹೇಳುವ ಅಯ್ಯನವರು. ಪಂಚಾಂಗ ತೆರೆದು, ಜೀವ ಹೋದದ್ದು ಧನಿಷ್ಠಾ ಪಂಚಕದಲ್ಲಿ, ಮನೆಗೆ ಕೇಡು, ಐದು ತಿಂಗಳು ಮನೆ ಬಿಡಬೇಕು ಎಂದರು. ನಮ್ಮ ಕಡೆ ಇದನ್ನು ಹಗುರವಾಗಿ ತೆಗೆದುಕೊಳ್ಳುವವರಿಲ್ಲ. ಬಾಗಿಲಿಗೆ ಮುಳ್ಳು ಹಾಕಿ ಬೇರೆ ಕಡೆ ಬಾಡಿಗೆಗೆ ಹೋಗುತ್ತಾರೆ. ಮೇಡಂ ಸಮಾಧಾನದಿಂದಲೇ ಕೇಳಿದರು: "ಮಾವ, ಮುಂದೆ ಬರೋದು ಬ್ಯಾಸಗಿ. ಇವನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ? ಯಾವ ಬಾಡಿಗಿ ಮನ್ಯಾಗೆ ಇಂಥ ಮಿಷನ್ನು ಐತೆ?"

ಮಾವ ಕೆಟ್ಟವರಲ್ಲ. ಅಳಿಯನ ಮೇಲೆ ಅವರಿಗೂ ಪ್ರಾಣ. ಆದರೆ ಒಡಹುಟ್ಟಿದವಳು ಹೋದ ಹಿಂದೆಯೇ ಅಳಿಯನೂ ಹೋದರೆ ಎಂಬ ಭಯ. ಪಂಚಕದ ಸಾವು ಒಂದಕ್ಕೆ ನಿಲ್ಲುವುದಿಲ್ಲ ಎಂದು ಅವರು ಚಿಕ್ಕಂದಿನಿಂದ ಕೇಳಿದವರು. ಕೊನೆಗೆ ಅಯ್ಯನವರು ಮಧ್ಯದ ದಾರಿ ಹೇಳಿದರು: ಮನೆ ಬಿಡುವುದು ಬೇಡ, ಜೀವ ಹೋದ ಕೋಣೆಯನ್ನು ಮಾತ್ರ ಮುಚ್ಚಿ. ಐದು ತಿಂಗಳು ಯಾರೂ ಒಳಗೆ ಹೋಗಬಾರದು, ಆಮೇಲೆ ಶಾಂತಿ ಮಾಡಿ ತೆಗೆಯೋಣ. ಎಲ್ಲರಿಗೂ ಉಸಿರು ಬಂತು. ಮಾವ ತಾವೇ ಬೀಗ ಹಾಕಿ, ಬಾಗಿಲಿಗೆ ಜಾಲಿಮುಳ್ಳಿನ ಕೊಂಬೆ ಕಟ್ಟಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನ್ಯಾಮತಿಯ ಬಸ್ ಹತ್ತಿದರು.

ಆ ಕೋಣೆಯನ್ನು ಮುಚ್ಚುವುದೆಂದರೆ ಒಳಗಿನ ಫಿಲ್ಟರನ್ನು ತೊಳೆಯಲಾಗದೆ ಇಡೀ ಮನೆಯ ಗಾಳಿಯ ದಾರಿಗೇ ಬೀಗ ಬಿದ್ದಂತೆ ಎಂದು ಆ ದುಃಖದಲ್ಲಿ ಯಾರಿಗೂ ಹೊಳೆಯಲಿಲ್ಲ. ಬಾಗಿಲು ಮುಚ್ಚಿತ್ತು, ಅದರ ಕೆಳಗಿನ ಸಂದಿ ಮುಚ್ಚಿರಲಿಲ್ಲ. ಮನೆಯ ಗಾಳಿ ಮೊದಲಿನಂತೆಯೇ ಮುಳ್ಳಿನ ಕೆಳಗೆ ನುಸುಳಿ ಒಳಗೆ ಹೋಗಿ, ಅವ್ವನ ಹಾಸಿಗೆ, ಅವ್ವನ ಸೀರೆ, ಅವ್ವನ ಕಡ್ಡಿಪುಡಿ ಡಬ್ಬಿಯನ್ನೆಲ್ಲ ಸವರಿಕೊಂಡು, ಯಂತ್ರದ ಬಾಯಿ ಹೊಕ್ಕು, ತಣ್ಣಗಾಗಿ, ಮತ್ತೆ ಎಲ್ಲರ ತಲೆಯ ಮೇಲೆ ಇಳಿಯುತ್ತಿತ್ತು. ಯಾರೂ ಒಳಗೆ ಹೋಗಬಾರದೆಂದು ಕಟ್ಟು ಮಾಡಿದ ಕೋಣೆಯೇ ಹಗಲೂ ಇರುಳೂ ಮನೆಯ ತುಂಬ ಹೊರಗೆ ಬರುತ್ತಿತ್ತು.

ನಾನು ಒಂದು ಸಂಜೆ ಹೋದಾಗ ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಕಾರ್ಯವೆಲ್ಲ ಮುಗಿದು ತಿಂಗಳು ಕಳೆದಿತ್ತು. ಮೇಡಂ ಚಹಾ ಕೊಟ್ಟರು. ನಾನು ಲೋಟ ಎತ್ತುವಷ್ಟರಲ್ಲಿ ಮೇಲಿನ ಜಾಲರಿಯಲ್ಲಿ ಅವ್ವ ಕೆಮ್ಮಿದರು. ಸುಳ್ಳು ಹೇಳುವುದಿಲ್ಲ, ಅರ್ಧ ಚಹಾ ನನ್ನ ಅಂಗಿಯ ಮೇಲೆ ಚೆಲ್ಲಿತು. ಮೊದಲು ಒಂದು ದೊಡ್ಡ 'ಡೊಕ್', ಹಿಂದೆಯೇ ಎರಡು ಸಣ್ಣವು, ಆಕೆ ಕೆಮ್ಮುತ್ತಿದ್ದ ಹಾಗೆಯೇ. ಕಂಪ್ಯೂಟರ್ ಮುಂದಿನಿಂದ ತಮ್ಮ ತಲೆಯೆತ್ತಿ, ಏನೂ ಆಗಿಲ್ಲವೆಂಬಂತೆ, "ಉಂಡೆನವ್ವಾ" ಎಂದ.

ನಾನು ಮೇಡಂ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ಭಾಯಿ ಬಂದು ಕೊಳವೆಗೆ ಕಿವಿ ಹಚ್ಚಿ ಕೇಳಿ, ಮೊದಲು ತಾರಸಿಯ ಪೆಟ್ಟಿಗೆಯ ಮೇಲೆ ಅನುಮಾನಪಟ್ಟು ಅದನ್ನು ಬಿಚ್ಚಿ ಜೋಡಿಸಿದ. ಸದ್ದು ನಿಲ್ಲಲಿಲ್ಲ. ಮೇಡಂ ತಾವೇ ಹೇಳಿದರು: "ಭಾಯಿ, ಫಿಲ್ಟರ್ ಕಟ್ಟೈತೆ. ಉಸಿರು ಎಳಿಯಾಕೆ ಆಗ್ದೆ ತಗಡು ಒಳಕ್ಕೆ ಜಗ್ತೈತೆ, ಬಿಡ್ತೈತೆ. ಅದೇ ಸದ್ದು." ಭಾಯಿಗೆ ಆಶ್ಚರ್ಯ. "ಗೊತ್ತಿದ್ದೂ ಯಾಕೆ ಮೇಡಂ ಸುಮ್ನಿದ್ದೀರಿ? ಮಾವಂಗೆ ಫೋನ್ ಹಚ್ಚ್ರಿ, ಬೀಗದ ಕೈ ತರಿಸ್ರಿ. ಬಿಸ್ಲು ಏರಾಕೆ ಹತ್ತೈತೆ, ಇನ್ನ ಸ್ವಲ್ಪ ದಿನಕ್ಕೆ ಒಳಗೆ ಐಸು ಕಟ್ಟಿ ಗಾಳಿ ಪೂರಾ ಬಂದ್ ಆಗ್ತೈತೆ ನೋಡ್ರಿ" ಎಂದ. ಉತ್ತರ ಕೊಟ್ಟದ್ದು ತಮ್ಮ: "ತೆಗೀಬ್ಯಾಡ ಅಕ್ಕ. ತೆಗೆದ್ರೆ ಅವ್ವ ಹೋಗ್ಬಿಡ್ತಾಳೆ."

ನನಗೆ ಸಿಟ್ಟು ಬಂತು. ಕಾಲೇಜಿನಲ್ಲಿ ಅವರನ್ನು ಮೂಲೆಗೆ ಕರೆದು ಬಾಯಿಗೆ ಬಂದಂತೆ ಅಂದೆ. ಊರಿಗೆಲ್ಲ ಫಿಲ್ಟರ್ ಪಾಠ ಹೇಳುವ ನೀವು, ಪಂಚಕವನ್ನು ನಂಬದ ನೀವು, ಮಾವನಿಗೆ ಹೆದರಿ ತಮ್ಮನನ್ನು ಬೇಯಿಸುತ್ತೀರಾ ಎಂದು ಕೇಳಿದೆ. ನನ್ನದು ಮುಗಿದ ಮೇಲೆ ಅವರು ಹೇಳಿದರು: "ಮಾವಂಗೆ ಯಾರು ಹೆದರ್ತಾರೆ ಸರ್? ಕಲ್ಲು ತಗೊಂಡ್ರೆ ಬೀಗ ಒಂದೇ ಏಟು. ಅದು ತಗಡು ಅಂತ ನನಗೆ ಗೊತ್ತೈತೆ. ಗೊತ್ತಿದ್ದೂ, ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮು ಕೇಳೋವರೆಗೂ ಹಾಸಿಗಿ ಬಿಟ್ಟು ಏಳಾಕಾಗಲ್ಲ ನನಗೆ. ಒಂದಿನ ತಡ ಆದ್ರೆ ಭಯ ಆಗ್ತೈತೆ. ತಮ್ಮ ಒಬ್ನೇ ಅಲ್ಲ ಸರ್. ನಾನೂ ಮಾತಾಡ್ತೀನಿ." ಆ ಕಣ್ಣುಗಳನ್ನು ನೋಡಿ ನನ್ನ ಸಿಟ್ಟು ಹೋಗಿ ಹೆದರಿಕೆ ಬಂತು. ಎಂದೂ ತಲೆ ಕೆಡಿಸಿಕೊಳ್ಳದ ಹೆಂಗಸು ಅವರು. ಅವರೇ ಹೀಗಾದರೆ ಆ ಮನೆಯಲ್ಲಿ ತಮ್ಮನನ್ನು ಕಾಯುವವರು ಯಾರು?

ಅವರು ಸುಮ್ಮನೆ ಕೂತಿರಲೂ ಇಲ್ಲ. ಗಾಳಿ ಕಡಿಮೆಯಾದಂತೆ ಕೊಳವೆಗಳ ಬೇರೆ ಬಾಯಿಗಳನ್ನು ಮುಚ್ಚಿ ಇದ್ದಷ್ಟು ತಂಪನ್ನು ನಡುಮನೆಗೆ ತಿರುಗಿಸಿದರು. ಬಿಸಿಲು ಇಳಿದಮೇಲೆ ತಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಸೂಳೆಕೆರೆ ಏರಿಗೆ ಹೋಗುತ್ತಿದ್ದರು. ಅಲ್ಲಿ ನೀರಿನ ಮೇಲಿಂದ ಬರುವ ಗಾಳಿಗೆ ಅವನು ಅಂಗಿಯ ಗುಂಡಿ ಬಿಚ್ಚಿ ನಿಲ್ಲುತ್ತಿದ್ದ. ಒಮ್ಮೆ ನಾನೂ ಹೋಗಿದ್ದೆ. ಮರಳಿ ಹೊರಡುವಾಗ ಅವನು, "ಇಲ್ಲಿ ಗಾಳಿ ಚೆನ್ನಾಗೈತೆ ಅಕ್ಕ, ಆದ್ರೆ ಯಾರದೂ ಅಲ್ಲ" ಎಂದ. ಮೇಡಂ ಗಾಡಿ ಶುರು ಮಾಡಿ ಕಿಟಕಿಯ ಗಾಜು ಏರಿಸಿದರು.

ಯುಗಾದಿ ಕಳೆದು ಬಿಸಿಲು ಹುಚ್ಚೆದ್ದ ಒಂದು ಮಧ್ಯಾಹ್ನ ಮೇಡಂ ಫೋನ್ ಮಾಡಿದರು. "ಸರ್, ಬರ್ರಿ" ಎಂದಷ್ಟೇ. ಓಡಿದೆ. ಮನೆಯೊಳಗೆ ಕಾಲಿಟ್ಟಾಗ ತಂಪು ಇರಲಿಲ್ಲ. ಜಾಲರಿಗಳಿಂದ ಏನೂ ಬರುತ್ತಿರಲಿಲ್ಲ. ಅವ್ವನ ಕೋಣೆಯ ಬಾಗಿಲ ಕೆಳಗಿನಿಂದ ನೀರು ಹರಿದು ನಡುಮನೆಗೆ ಬಂದಿತ್ತು. ಒಳಗೆ ಕಟ್ಟಿದ ಐಸು ಕರಗಿ ಛಾವಣಿಯಿಂದ ಸುರಿಯುತ್ತಿತ್ತು. ತಮ್ಮ ನೆಲದ ಮೇಲೆ ಮಲಗಿದ್ದ. ಮೇಡಂ ಹೊರಗೆ ಉಳಿದಿದ್ದ ಅವ್ವನ ಹತ್ತಿ ಸೀರೆಯೊಂದನ್ನು ಒದ್ದೆ ಮಾಡಿ ಅವನಿಗೆ ಸುತ್ತಿದ್ದರು. ಮುಖ ಕೆಂಪಾಗಿತ್ತು, ಕಣ್ಣು ಅರ್ಧ ಮುಚ್ಚಿದ್ದವು. ಮುಟ್ಟಿದರೆ ಕೈ ಸುಡುತ್ತಿತ್ತು. ಕಾರಿನಲ್ಲಿ ಹಾಕಿಕೊಂಡು ಹೋಗೋಣವೆಂದರೆ ಮೇಡಂ ಬೇಡವೆಂದರು. ಬಿಸಿಲಿನಲ್ಲಿ ನಿಂತ ಕಾರು ಒಲೆಯಾಗಿತ್ತು. ಡಾಕ್ಟರಿಗೆ ಹೇಳಿದ್ದೇನೆ, ಬರುತ್ತಿದ್ದಾರೆ ಎಂದರು. ಅವನು ಏನೋ ಗೊಣಗುತ್ತಿದ್ದ. ಬಗ್ಗಿ ಕೇಳಿದೆ. "ಉಂಡೆನವ್ವಾ, ಉಂಡೆನವ್ವಾ" ಎನ್ನುತ್ತಿದ್ದ. ಯಾರೂ ಕೆಮ್ಮಿರಲಿಲ್ಲ.

ಮೇಡಂ ಅದನ್ನು ಕೇಳಿದರು. ಎದ್ದು ಹಿತ್ತಿಲಿಗೆ ಹೋಗಿ ಒರಳಿನ ಗುಂಡುಕಲ್ಲು ತಂದರು. ಮುಳ್ಳನ್ನು ಬರಿಗೈಯಿಂದ ಕಿತ್ತೆಸೆದರು. ಬೀಗ ಒಂದೇ ಏಟಿಗೆ ಹೋಗಲಿಲ್ಲ, ಚಿಲಕವೇ ಕಿತ್ತು ಬಂತು.

ಒಳಗೆ ಹಾಸಿಗೆ ನೆನೆದು ಹೋಗಿತ್ತು. ಅವರು ಮಂಚದ ಮೇಲೆ ನಿಂತು ಜಾಲರಿ ಇಳಿಸಿ ಫಿಲ್ಟರ್ ಎಳೆದರು. ಬೂದು ಬಣ್ಣದ ಕಂಬಳಿಯಂತೆ ದಪ್ಪಗಾಗಿತ್ತು. ಬೆಳಕಿಗೆ ಬಂದಾಗ ಅದರ ತುಂಬ ಬಿಳಿ ಎಳೆಗಳು ಮಿನುಗಿದವು. ಅವ್ವನ ಕೂದಲು. ಉದ್ದುದ್ದನೆಯವು, ಸುತ್ತಿ ಸುತ್ತಿ ಹೆಣೆದುಕೊಂಡವು. ನೀಲಗಿರಿ ಎಣ್ಣೆ, ಕಡ್ಡಿಪುಡಿ, ಮುದುಕಿಯ ಮೈಯ ವಾಸನೆ ಒಟ್ಟಿಗೆ ಬಂತು. ಮೇಡಂ ಅದನ್ನು ಎದೆಗೆ ಒತ್ತಿ ಹಿಡಿದರು. ನಾನು, "ಮೇಡಂ, ಸೀಗೆಪುಡಿ ಬೇಡ, ಏನೂ ಬೇಡ, ಹಾಗೇ ತೆಗೆದಿಟ್ಟು ಯಂತ್ರ ಹಾಕಿ" ಎಂದೆ. "ಆಗಲ್ಲ ಸರ್, ಫಿಲ್ಟರ್ ಇಲ್ದೆ ಓಡಿಸಿದ್ರೆ ಒಳಗೆಲ್ಲ ದೂಳು ಕುಂತು ಅದೂ ಹೋಗ್ತೈತೆ. ಬ್ಯಾಸಗಿ ಇನ್ನೂ ಬಾಳ ಐತೆ" ಎಂದರು. ಅಂಥ ಹೊತ್ತಿನಲ್ಲೂ ಲೆಕ್ಕ ತಪ್ಪದ ಮಾತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟರು. ಒಂದು ಕ್ಷಣ ನೀರು ಸುಮ್ಮನೆ ಹರಿಯಿತು, ಫಿಲ್ಟರು ಅವರ ಕೈಯಲ್ಲೇ ಇತ್ತು. ನಡುಮನೆಯಲ್ಲಿ ತಮ್ಮ ನರಳಿದ. ಮೇಡಂ ಫಿಲ್ಟರನ್ನು ನೀರಿಗೆ ಒಡ್ಡಿದರು. ಅಳುತ್ತ ಉಜ್ಜಿದರು. ಮುಳ್ಳು ಗೀರಿದ ಕೈಯ ರಕ್ತ, ದೂಳು, ಬಿಳಿ ಕೂದಲು ಎಲ್ಲ ಸೇರಿ ಬಚ್ಚಲಿನ ತೂತಿನಲ್ಲಿ ಇಳಿದುಹೋದವು.

ಅಷ್ಟರಲ್ಲಿ ಡಾಕ್ಟರು ಬಂದರು. ಐಸು ಪೂರ್ತಿ ಕರಗುವವರೆಗೂ ಕಾದು ಯಂತ್ರ ಹಾಕಿದಾಗ ಗಾಳಿ ಭರ್ರೆಂದು ಬಂತು. ಸಂಜೆಯ ಹೊತ್ತಿಗೆ ತಮ್ಮ ಕಣ್ಣು ಬಿಟ್ಟ. ಮೊದಲು ಮೇಲೆ ನೋಡಿದ. ಜಾಲರಿಯಿಂದ ತಣ್ಣನೆಯ, ಯಾವ ವಾಸನೆಯೂ ಇಲ್ಲದ ಗಾಳಿ ಬರುತ್ತಿತ್ತು. ತುಂಬ ಹೊತ್ತು ಕೇಳುತ್ತ ಮಲಗಿದ್ದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ.

ಮಾವ ಬಂದು ಕೂಗಾಡಿದರು, ಅಳಿಯ ಉಸಿರಾಡುತ್ತಿರುವುದನ್ನು ನೋಡಿ ಕೂಗಾಟ ಅರ್ಧಕ್ಕೇ ನಿಲ್ಲಿಸಿ ಅತ್ತರು. ತಮ್ಮ ಮಾತ್ರ ಆ ಮಳೆಗಾಲವೆಲ್ಲ ಅಕ್ಕನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬರುತ್ತಿದ್ದ, ಉಂಡು ಏಳುತ್ತಿದ್ದ. ಸಾರಿಗೆ ಹೆಸರಿಡುವುದನ್ನೂ ಬಿಟ್ಟ. ಮೇಡಂ ಕಾಲೇಜಿನಲ್ಲಿ ಪಾಠ ಮಾಡುತ್ತ ಮಾಡುತ್ತ ನಡುವೆ ನಿಂತುಬಿಡುತ್ತಿದ್ದರು. ಒಂದು ದಿನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಅಂದರು: "ಅವನ್ನ ಉಳಿಸ್ಕೊಂಡೆ ಸರ್. ಆದ್ರೆ ಅವ್ವನ್ನ ಮಣ್ಣು ಮಾಡಿದೋರು ನೀವೆಲ್ಲ ಅಲ್ಲ, ನಾನು. ಈ ಕೈಲೆ." ನಾನು ಎದ್ದು ಫ್ಯಾನು ಜೋರು ಮಾಡಿದೆ. ಕನ್ನಡ ಮೇಷ್ಟ್ರಿಗೆ ಅಷ್ಟೇ ಬಂದದ್ದು ಎಂದು ಅವತ್ತು ನಾಚಿಕೆಯಾಯಿತು.

ನಿಧಾನವಾಗಿ ಅಕ್ಕ-ತಮ್ಮನ ನಡುವೆ ಮಾತು ಶುರುವಾಯಿತಂತೆ, ಯಾರದೋ ಲಗ್ನಪತ್ರಿಕೆಯಲ್ಲಿ ವರನ ಹೆಸರು ತಪ್ಪಾಗಿ ಅಚ್ಚಾದಾಗ ಇಬ್ಬರಿಗೂ ನಗು ತಡೆಯಲಾಗದೆ. ಆ ಹೊತ್ತಿಗೆ ನನಗೆ ನ್ಯಾಮತಿಗೆ ವರ್ಗವಾಗಿತ್ತು. ಹೋದಾಗಲೆಲ್ಲ ಮೇಡಂ ಹಿತ್ತಿಲಿನಲ್ಲಿ ಫಿಲ್ಟರ್ ಹಿಡಿದು ನಿಂತಿರುತ್ತಿದ್ದರು. ತೊಳೆಯುವ ಮುಂಚೆ ಅದನ್ನು ಬಿಸಿಲಿಗೆ ಹಿಡಿದು ಇಂಚಿಂಚೂ ನೋಡುತ್ತಿದ್ದರು. ಏನು ಹುಡುಕುತ್ತಿದ್ದಾರೆ ಎಂದು ನಾನು ಕೇಳಲಿಲ್ಲ.

ಸುದ್ದಿ ಬಂದ ಮಾರನೆಯ ದಿನ ಚನ್ನಗಿರಿಗೆ ಹೋದೆ. ಎದೆನೋವೆಂದು ದಾವಣಗೆರೆಗೆ ಸೇರಿಸಿದ್ದರಂತೆ, ಅಲ್ಲಿಯೇ ಮುಗಿಯಿತು. ಜೀವ ಹೋದದ್ದು ಆಸ್ಪತ್ರೆಯಲ್ಲಾದ್ದರಿಂದ ಯಾವ ಕೋಣೆಗೂ ಬೀಗ ಬಿದ್ದಿರಲಿಲ್ಲ. ಎದುರುಮನೆಯವರು ತಮ್ಮನಿಗೆ ಊಟ ತಂದಿಟ್ಟು ಹೋಗಿದ್ದರು. ಮನೆ ತಣ್ಣಗಿತ್ತು. ಅವನು ನನಗೆ ಕುರ್ಚಿ ಕೊಟ್ಟು ತಾನು ನೆಲದ ಮೇಲೆ ಕೂತ.

"ಹೋದ ವರ್ಷ ಒಂದಿನ ಏನಾತು ಗೊತ್ತಾ ಸರ್?" ಎಂದ. "ಹಿತ್ಲಿಂದ ಅಕ್ಕ ಜೋರಾಗಿ ಕೂಗಿದ್ಲು. ಬಿದ್ಲೇನೋ ಅಂತ ಓಡಿ ಹೋದೆ. ಫಿಲ್ಟರ್ ಹಿಡ್ಕಂಡು ನಗ್ತಾಳೆ, ಅಳ್ತಾಳೆ. ಅವ್ವನ ಕೂದ್ಲು ಸಿಕ್ತು ನೋಡೋ, ಇನ್ನೂ ಮನ್ಯಾಗೇ ಅದಾಳೆ ನೋಡೋ ಅಂತ. ಉದ್ದದ್ದು, ಬಿಳೇದು ಒಂದು ಎಳೆ. ನಾನು ನೋಡ್ದೆ. ಅಕ್ಕಾ, ಅವ್ವ ಹೋಗಿ ಬಾಳ ವರ್ಸ ಆತು. ನನ್ನ ತಲ್ಯಾಗಂತೂ ಕೂದ್ಲಿಲ್ಲ. ಇದು ನಿಂದೇ ಅಂದೆ."

"ಆಮೇಲೆ?"

"ಕನ್ನಡಿ ಮುಂದೆ ಹೋಗಿ ನಿಂತ್ಲು. ಬಾಳ ಹೊತ್ತು ಬರ್ಲೇ ಇಲ್ಲ. ಬಂದು, ಬಾ ಇಲ್ಲಿ, ಇದನ್ನ ಹೆಂಗೆ ತೊಳೆಯೋದು ಅಂತ ಕಲ್ತ್ಕೋ ಅಂದ್ಲು. ಅಲ್ಲೀವರೆಗೂ ನನಗೆ ಮುಟ್ಟಾಕೂ ಬಿಟ್ಟಿರ್ಲಿಲ್ಲ ಸರ್."

ನಾನು ತಲೆಯೆತ್ತಲಿಲ್ಲ. ಮೇಲಿನ ಜಾಲರಿಯಿಂದ ಗಾಳಿ ಸಣ್ಣಗೆ ಇಳಿಯುತ್ತಿತ್ತು. ಆ ಗಾಳಿಯಲ್ಲಿ ಏನಿದೆಯೋ ಎಂದು ಉಸಿರೆಳೆದುಕೊಳ್ಳಲೂ ಅಂಜಿಕೆಯಾಗಿತ್ತು.

"ಇವತ್ತು ಭಾನುವಾರ" ಎಂದ ತಮ್ಮ, ಅಂಗೈಗಳನ್ನು ಮಂಡಿಗೆ ಒರೆಸಿಕೊಳ್ಳುತ್ತ. "ಬೆಳಿಗ್ಗೆ ತೆಗ್ದೆ. ಅಕ್ಕನ ಕೂದ್ಲು ಇದ್ವು ಸರ್. ಮೂಲ್ಯಾಗೆ ಒಂದಿಷ್ಟು ಸುತ್ಕಂಡಿದ್ವು."

"ಏನು ಮಾಡಿದೆಯಪ್ಪಾ?"

ಅವನು ನನ್ನನ್ನು, ಇದೂ ಒಂದು ಪ್ರಶ್ನೆಯೇ ಎನ್ನುವಂತೆ ನೋಡಿದ.

"ತೊಳ್ದೆ ಸರ್. ತೊಳೀದೆ ಬಿಟ್ರೆ ಅಕ್ಕ ಸುಮ್ನೆ ಇರ್ತಾಳಾ?"